ಚೀಸ್ ಮಾರುವ ಕಪ್ಪೆ

ಜೂನ್ 3, ಸೋಮವಾರ

ಇವತ್ತು ನುಕುಯಿ ಎಂಬುವವನು ಬಂದಿದ್ದ. ಹಳೆಯ ವಿಡಿಯೊ ಗೇಮ್‌ಗಳನ್ನು ತೊಳೆದು ಒರೆಸಿ ಇಂಟರ್ನೆಟ್ ಅಂಗಡಿಯಲ್ಲಿ ಮತ್ತೆ ಮಾರುವ ಕಂಪನಿಯವನು. ವಯಸ್ಸು ಮೂವತ್ತೈದು ದಾಟಿಲ್ಲ, ಬಾಯಿ ಬಿಟ್ಟರೆ 'ಆ ಕಾಲವೇ ಕಾಲ' ಎನ್ನುತ್ತಾನೆ. ಆ ಕಾಲದಲ್ಲಿ ಅವನು ತೊಟ್ಟಿಲಲ್ಲಿದ್ದ. ಸತ್ತ ಎಮ್ಮೆಗೆ ಸೇರು ಹಾಲು ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಎಮ್ಮೆಯನ್ನೇ ನೋಡದೆ ಹಾಲು ಅಳೆಯುವವನನ್ನು ಕಂಡದ್ದು ಇದೇ ಮೊದಲು.

"ಸೆನ್ಸೇ, ನಿಮ್ಮ 'ತೋಫು ಮಾರುವ ಕಪ್ಪೆ' ಆಟ ಅಂದ್ರೆ ನಮ್ಮ ಆಫೀಸಲ್ಲಿ ಎಲ್ಲರಿಗೂ ಪ್ರಾಣ," ಎಂದ.

"ನಿಮ್ಮ ಆಫೀಸಲ್ಲಿ ಎಷ್ಟು ಜನ?"

"ನಾಲ್ಕು."

ಯಾರಿಗೂ ಒಂದಕ್ಷರ ಪಾಠ ಹೇಳದ ನನ್ನನ್ನು ಸೆನ್ಸೇ, ಗುರುಗಳೇ ಎನ್ನುವವನಿಗೆ ಏನು ಹೇಳುವುದು. ಬಂದ ಕೆಲಸ ಇಷ್ಟು: ನಮ್ಮ ಕಪ್ಪೆಯನ್ನು ಜಪಾನಿನ ಅಂಗಡಿಯಲ್ಲಿ ಜಪಾನಿನ ರೂಪದಲ್ಲಿ, ಅಮೆರಿಕದಲ್ಲಿ ಅಮೆರಿಕದ ರೂಪದಲ್ಲಿ, ಯುರೋಪಿನಲ್ಲಿ ಯುರೋಪಿನ ರೂಪದಲ್ಲಿ ಬಿಡುತ್ತಾರಂತೆ. ಆಟ ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಮಾಡಿದವರಲ್ಲಿ ಉಳಿದವರು ಮೂರನ್ನೂ ಆಡಿ ನೋಡಿ ಮೊಹರು ಒತ್ತಬೇಕು. ಉಳಿದವರು ಇಬ್ಬರೇ. ಹಾಡು ಕಟ್ಟಿದ ನಾನು, ಪ್ರೋಗ್ರಾಮ್ ಬರೆದ ಗೋಬೋ. ಒಂದೇ ಮನೆಯಲ್ಲಿದ್ದೇವೆ, ಅವನಿಗೆ ರೈಲಿನ ಖರ್ಚು ಉಳಿಯಿತು.

ಆಗ ಆಟದ ಕೊನೆಯಲ್ಲಿ ನಮ್ಮ ನಿಜವಾದ ಹೆಸರು ಹಾಕುತ್ತಿರಲಿಲ್ಲ. ಹಾಕಿದರೆ ಬೇರೆ ಕಂಪನಿಯವರು ನಮ್ಮನ್ನು ಹಾರಿಸಿಕೊಂಡು ಹೋಗುತ್ತಾರೆ ಎಂದು ಯಜಮಾನ ದೋಯಿಗೆ ಭಯ. ಹಾಗಾಗಿ ಎಲ್ಲರಿಗೂ ಅಡ್ಡಹೆಸರು. ಗೋಬೋ ಎಂಬ ಉದ್ದನೆಯ ಒಣ ಗೆಡ್ಡೆಯ ಹಾಗಿದ್ದವನು ಗೋಬೋ ಆದ. ಖಾರದ ಬಾಯಿಯ ನಾನು ಕರಾಶಿ ಆದೆ, ಅಂದರೆ ಅರೆದ ಸಾಸಿವೆ. ಮದುವೆಯಾದ ಮೇಲೂ ಅದೇ ಹೆಸರು ನಿಂತಿತು. ಅವನು ನನಗಿಂತ ಒಂದು ವರ್ಷ ಚಿಕ್ಕವನು, ಕೆಲಸಕ್ಕೂ ನನ್ನ ನಂತರ ಸೇರಿದವನು.

ನುಕುಯಿ ಒಳಕೋಣೆಗೆ ಹೋಗಿ ಗೋಬೋಗೆ ಬಗ್ಗಿ ನಮಸ್ಕರಿಸಿದ. ಫೆಬ್ರವರಿಯಲ್ಲಿ ಮಿದುಳಿನ ನರ ಒಡೆದಾಗಿನಿಂದ ಗೋಬೋನ ಬಲಗೈ ಮತ್ತು ನಾಲಗೆ ಎರಡೂ ಒಟ್ಟಿಗೆ ಮುಷ್ಕರ ಹೂಡಿವೆ. ಇಡೀ ದಿನ ಕಿಟಕಿಯ ಬಳಿ ಕೂತಿರುತ್ತಾನೆ. ನುಕುಯಿಯನ್ನು ನೋಡಿ ಬಾಯಿ ತೆರೆದು ಏನೋ ಶುರು ಮಾಡಿದ. "ಸಂತೋಷ ಆಯ್ತು ಅಂತಿದ್ದಾನೆ," ಎಂದೆ. ಗೋಬೋ ಬಾಯಿ ಮುಚ್ಚಿಕೊಂಡ. ಅವನ ನಾಲಗೆಯ ಮೇಲೆ ಏನಿದೆ ಎಂಬುದು ನನಗೆ ಗೊತ್ತು. ಅವನ ಮಾತನ್ನು ನಾನೇ ಮುಗಿಸಿದರೆ ಎಲ್ಲರಿಗೂ ಸಮಯ ಉಳಿಯುತ್ತದೆ.

ಜೂನ್ 11, ಮಂಗಳವಾರ

ಮನೆಗೆ ಬಂದು ವ್ಯಾಯಾಮ ಮಾಡಿಸುವ ಓಬಾತಾ ಇವತ್ತು ನನಗೇ ಪಾಠ ಹೇಳಿದಳು.

"ಅಮ್ಮಾ, ಅವರು ಮಾತಾಡೋಕೆ ಹೊರಟಾಗ ನೀವು ಮುಂಚೆನೇ ಹೇಳ್ಬಿಡ್ತೀರಿ."

"ಅವನಿಗೆ ಬೇಕಾದ್ದೇ ಹೇಳೋದು ನಾನು."

"ಇರಬಹುದು. ಆದ್ರೆ ಬಾಯಿ ಅವರದು."

ಇವಳಿಗಿನ್ನೂ ಮದುವೆಯಾಗಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಗೋಬೋ ಕೈ ತೋರಿಸಿ ಏನೋ ಶುರು ಮಾಡಿದ. ಉಪ್ಪಿನಕಾಯಿ ತಂದಿಟ್ಟೆ. ತಲೆಯಾಡಿಸಿದ. ಚಹಾ ತಂದೆ. ಮತ್ತೆ ತಲೆಯಾಡಿಸಿದ. ಕೊನೆಗೆ ನೋಡಿದರೆ ಕಿಟಕಿಯಿಂದ ಮಳೆಯ ಎರಚಲು ಬಂದು ಅವನ ಬೆನ್ನು ಒದ್ದೆಯಾಗಿತ್ತು. ಒಂದು ಸಲ ತಪ್ಪುವುದು ಯಾರಿಗೂ ಇದ್ದದ್ದೇ.

ಜೂನ್ 19, ಬುಧವಾರ

ನುಕುಯಿಯ ಪರೀಕ್ಷೆಯ ಯಂತ್ರ ಬಂತು. ಅದರಲ್ಲಿ ಮೂರು ಕಪ್ಪೆಗಳು. ಟಿವಿಗೆ ಜೋಡಿಸಿ, ಆಡುವ ಗುಂಡಿಹಲಗೆಯನ್ನು ಗೋಬೋನ ಕೈಗಿಟ್ಟೆ. ಜಪಾನಿನ ಕಪ್ಪೆ ತೋಫು ಬಾಲ್ದಿ ಹೊತ್ತು ಓಡಿತು. ಮೊದಲ ಕಾಲುವೆ ಬಂತು, ದೊಪ್ಪನೆ ಬಿತ್ತು, ತೋಫು ತೇಲಿತು. ಮತ್ತೆ ಬಿತ್ತು. ಮತ್ತೆ ಬಿತ್ತು. ಆ ಕಾಲುವೆಯ ಅಗಲ ಇಷ್ಟೇ ಇರಬೇಕೆಂದು ಗೊತ್ತು ಮಾಡಿದವನು ಇವನೇ. ಆಗ ಆಫೀಸಿನಲ್ಲಿ ಕಣ್ಣು ಮುಚ್ಚಿಕೊಂಡು ಅದನ್ನು ದಾಟಿಸಿ ತೋರಿಸುತ್ತಿದ್ದ.

ಗೋಬೋ ಗುಂಡಿಹಲಗೆಯನ್ನು ಚಾಪೆಯ ಮೇಲೆ ಮಗುಚಿಟ್ಟು ಗೋಡೆಯ ಕಡೆ ತಿರುಗಿದ.

"ನೀನೇ ತೋಡಿದ ಕಾಲುವೆ, ನೀನೇ ಮುಳುಗು," ಎಂದೆ. ಹಾಗೆ ಅನ್ನಬಾರದಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಅಂದಾಯಿತು.

ಜೂನ್ 24, ಸೋಮವಾರ

ಬೆರಳಿನ ವ್ಯಾಯಾಮವನ್ನೂ ಬಿಟ್ಟಿದ್ದಾನೆ. ಓಬಾತಾ ರಬ್ಬರ್ ಚೆಂಡು ಕೊಟ್ಟರೆ ಕೆಳಗೆ ಬಿಡುತ್ತಾನೆ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ ಅವಳು ಮೆಲ್ಲಗೆ ಹೇಳಿದಳು: "ಆ ಕೈಗೆ ಇಷ್ಟ ಆಗೋ ಕೆಲಸ ಏನಾದ್ರೂ ಸಿಗಬೇಕಮ್ಮಾ. ಚಳಿಗಾಲದೊಳಗೆ ಸಿಗ್ಲಿಲ್ಲ ಅಂದ್ರೆ ಮುಷ್ಟಿ ಹಾಗೇ ಉಳಿದುಬಿಡುತ್ತೆ."

ಭಯವಾಯಿತು. ಬೇರೇನೂ ಬರೆಯಲು ಮನಸ್ಸಿಲ್ಲ.

ಜೂನ್ 28, ಶುಕ್ರವಾರ

ಉಳಿದೆರಡನ್ನು ನಾನೇ ಆಡಿದೆ. ಅಮೆರಿಕದ ಕಪ್ಪೆಗೆ ದಪ್ಪ ಹುಬ್ಬು ಬರೆದಿದ್ದಾರೆ. ಸಿಟ್ಟಾಗದಿದ್ದರೆ ಅಲ್ಲಿನ ಮಕ್ಕಳು ಕೊಳ್ಳುವುದಿಲ್ಲವಂತೆ. ತೋಫು ಹೊತ್ತ ಕಪ್ಪೆಗೆ ಯಾರ ಮೇಲೆ ಸಿಟ್ಟು? ಹೋಗಲಿ, ಹುಬ್ಬಿನಿಂದ ನನ್ನ ಹಾಡಿಗೇನೂ ಆಗಿಲ್ಲ.

ಯುರೋಪಿನದಂತೂ ದೇವರಿಗೇ ಪ್ರೀತಿ. ಅಲ್ಲಿಯವರಿಗೆ ತೋಫು ಗೊತ್ತಿಲ್ಲವೆಂದು ಕಪ್ಪೆ ಚೀಸ್ ಮಾರುತ್ತದೆ. ಅದನ್ನೂ ಸಹಿಸಿಕೊಂಡೇನು. ಆದರೆ ಆಗ ಅವರ ಟಿವಿ ಸೆಕೆಂಡಿಗೆ ಐವತ್ತು ಸಲ ಮಿಟುಕುತ್ತಿತ್ತು, ನಮ್ಮದು ಅರವತ್ತು ಸಲ. ಆ ವ್ಯತ್ಯಾಸ ತುಂಬಿಕೊಡದೆ ಹಾಗೇ ಸಾಗಿಸಿದರೆ ಕಪ್ಪೆ, ನೀರು, ಹಾಡು ಎಲ್ಲವೂ ನಿಧಾನವಾಗುತ್ತದೆ. ತುಂಬಿಕೊಡುವುದು ಎರಡು ದಿನದ ಕೆಲಸ. ಯುರೋಪಿನ ಕೆಲಸ ವಹಿಸಿಕೊಂಡಿದ್ದ ಟೋಕಿಯೊದ ಗುತ್ತಿಗೆಯವರು ಆ ಎರಡು ದಿನ ಎಲ್ಲಿ ಬಿದ್ದುಕೊಂಡಿದ್ದರೋ. ಒಂದು ಖಂಡದ ಮಕ್ಕಳಿಗೆಲ್ಲ ನನ್ನ ಹಾಡನ್ನು ಕುಂಟಿಸಿ ಕೇಳಿಸಿದರು. ಮೂವತ್ತು ವರ್ಷದಿಂದ ಅವರಿಗೆ ಬೈಯುತ್ತಲೇ ಇದ್ದೇನೆ, ಬೈಗುಳ ಹಳಸಿಲ್ಲ.

ನುಕುಯಿಗೆ ಬರೆದು ಕಳಿಸಿದೆ: "ಯುರೋಪಿನದಕ್ಕೆ ಮೊಹರು ಒತ್ತುವುದಿಲ್ಲ. ಇದು ಹಾಡಲ್ಲ, ಹೆಣದ ಮೆರವಣಿಗೆ. ಯುರೋಪಿನ ಅಂಗಡಿಯಲ್ಲೂ ಜಪಾನಿನ ವೇಗದ್ದನ್ನೇ ಇಡಿ. ಆ ಸೋಮಾರಿ ಕಪ್ಪೆಯನ್ನು ಹೂತುಬಿಡಿ."

ಜುಲೈ 9, ಮಂಗಳವಾರ

ಗೆದ್ದೆ. ನುಕುಯಿ ಫೋನ್ ಮಾಡಿದ್ದ. "ಸೆನ್ಸೇ ಹೇಳಿದ ಹಾಗೇ ಆಗುತ್ತೆ. ಯುರೋಪಿನ ಆಟಗಾರರೂ ಆ ನಿಧಾನದ್ದಕ್ಕೆ ಬೈತಾನೇ ಇರ್ತಾರೆ, ನಮಗೂ ತಲೆನೋವು ತಪ್ತು," ಎಂದ. ಸೆಪ್ಟೆಂಬರ್ 12ಕ್ಕೆ ಬಿಡುಗಡೆ. ಪರೀಕ್ಷೆಯ ಯಂತ್ರದಲ್ಲಿರುವ ಕಪ್ಪೆಗಳು ಆ ದಿನ ತಾವಾಗಿಯೇ ನಿಂತುಹೋಗುತ್ತವೆ, ಹಿಂದಿರುಗಿಸಿದರೆ ಸಾಕು.

ಬೀದಿಯ ತುದಿಯಿಂದ ಆಕ್ಟೋಪಸ್ ತುಂಬಿದ ಬಿಸಿ ತಾಕೋಯಾಕಿ ಉಂಡೆ ತಂದು ಗೋಬೋಗೆ ಸುದ್ದಿ ಹೇಳಿದೆ. "ಸೋಮಾರಿ ಕಪ್ಪೆಗೆ ಮಣ್ಣು ಹಾಕ್ಸಿದೆ ಕಣೋ." ಅವನು ಬಾಯಿ ತೆರೆದ. "ಗೊತ್ತು, ನಿಂಗೂ ಖುಷಿ," ಎಂದೆ. ಎಡಗೈಯಿಂದ ಮೇಜಿಗೆ ಗುದ್ದಿದ, ತಾಕೋಯಾಕಿ ಉರುಳಿಹೋಯಿತು. ಈ ಸೆಕೆಯಲ್ಲಿ ಯಾರಿಗಾದರೂ ತಲೆ ಕೆಡುತ್ತದೆ.

ಜುಲೈ 24, ಬುಧವಾರ

ಮಾರುಕಟ್ಟೆಯಿಂದ ಬಂದು ಚಪ್ಪಲಿ ಬಿಡುವಾಗ ಒಳಗಿನಿಂದ ನನ್ನ ಹಾಡು ಕೇಳಿಸಿತು. ನಿಧಾನದ್ದು.

ಈರುಳ್ಳಿ ಸೊಪ್ಪು ಕೈಯಲ್ಲಿ ಹಿಡಿದೇ ಪಡಸಾಲೆಯಲ್ಲಿ ನಿಂತೆ. ಗೋಬೋ ಟಿವಿಯ ಮುಂದೆ ಕೂತಿದ್ದ, ಗುಂಡಿಹಲಗೆ ತೊಡೆಯ ಮೇಲೆ, ಬಲಗೈಯ ಹೆಬ್ಬೆರಳು ಗುಂಡಿಯ ಮೇಲೆ. ಚೀಸ್ ಹೊತ್ತ ಕಪ್ಪೆ ಕಾಲುವೆಯ ಬಳಿ ಬಂತು. ಹೆಬ್ಬೆರಳು ನಡುಗಿತು, ತಡವಾಗಿ ಒತ್ತಿತು. ಕಪ್ಪೆಯೂ ತಡವಾಗಿಯೇ ಬರುತ್ತಿತ್ತು. ದಾಟಿತು.

ನಾನು ಕೂಗಲಿಲ್ಲ, ಒಳಗೂ ಹೋಗಲಿಲ್ಲ. ನಾಲ್ಕನೆಯ ಬೀದಿಯಲ್ಲಿ ಕಪ್ಪೆ ಬಾವಿಗೆ ಬಿತ್ತು, ಗೋಬೋ ಮತ್ತೆ ಮೊದಲಿನಿಂದ ಶುರು ಮಾಡಿದ. ಸೊಪ್ಪು ಬಾಡಿಹೋಯಿತು. ಜಪಾನಿನಲ್ಲಿ ಹುಟ್ಟಿದ ಗಂಡಸು, ಕೂತು ಚೀಸ್ ಮಾರುತ್ತಾನೆ.

ಆಗಸ್ಟ್ 1, ಗುರುವಾರ

ದಿನಾ ಬೆಳಿಗ್ಗೆ ಆಡುತ್ತಾನೆ. ಓಬಾತಾ ಅವನ ಬಲ ಅಂಗೈ ಬಿಡಿಸಿ ನೋಡಿ ಚಪ್ಪಾಳೆ ತಟ್ಟಿದಳು. ಚೆಂಡನ್ನು ಅವಳೇ ಚೀಲಕ್ಕೆ ಹಾಕಿಕೊಂಡಳು.

ಪಕ್ಕದಲ್ಲಿ ಕೂತು "ಈಗ ಹಾರು, ಅಯ್ಯೋ ಈಗ" ಎಂದು ಹೇಳಿಕೊಡುತ್ತಿದ್ದೆ. ಗೋಬೋ ನನ್ನ ಕಡೆ ತಿರುಗಿ, "ಸುಮ್ನಿರು," ಎಂದ. ಫೆಬ್ರವರಿಯಿಂದೀಚೆಗೆ ಅವನ ಬಾಯಿಂದ ತೊದಲದೆ ಬಂದ ಮೊದಲ ಮಾತು. ಎಂಥ ಉದ್ಧಟತನ. ಅವನಿಗಿಷ್ಟವಾದ ಹುರಿದ ಬಂಗುಡೆ ಮಾಡಿದೆ.

ಆಗಸ್ಟ್ 13, ಮಂಗಳವಾರ

ಓಬೊನ್ ಹಬ್ಬ. ಸತ್ತವರು ಮನೆಗೆ ಬೇಗ ಬರಲೆಂದು ಸೌತೆಕಾಯಿಯ ಕುದುರೆ, ನಿಧಾನವಾಗಿ ಹೊರಡಲೆಂದು ಬದನೆಕಾಯಿಯ ಹಸು. ಓಸಾಕಾದ ನಮ್ಮವರು ಮಾಡುವುದಿಲ್ಲ, ಅತ್ತೆ ಚಿಬಾದವರಾದ್ದರಿಂದ ಮಾಡುತ್ತೇನೆ. ಈ ಸಲ ಹಸುವಿಗೆ ಕಡ್ಡಿಯ ಕಾಲು ಚುಚ್ಚಿದ್ದು ಗೋಬೋನ ಬಲಗೈ. ಮೂರು ಕಾಲು ಸರಿಯಾಗಿ ಕೂತವು, ನಾಲ್ಕನೆಯದು ಸೊಟ್ಟ. ಸೊಟ್ಟ ಹಸುವಿನ ಮೇಲೆಯೇ ಹೋಗಲಿ ಅತ್ತೆ, ಅವರೇ ಹೆತ್ತ ಮಗ.

ಚಹಾ ಮಾಡಿಕೊಂಡು ಎದುರು ಕೂತು ವಿಷಯ ಹೇಳಿದೆ. ಮುಂದಿನ ತಿಂಗಳು ಈ ಯಂತ್ರದ ಕಪ್ಪೆಗಳು ನಿಂತುಹೋಗುತ್ತವೆ. ಅಂಗಡಿಯಲ್ಲಿ ನಿಧಾನದ್ದು ಸಿಗುವುದಿಲ್ಲ, ನಾನೇ ಬೇಡವೆಂದಿದ್ದೇನೆ. "ಅಷ್ಟರೊಳಗೆ ನಮ್ಮ ಜಪಾನಿನದ್ದನ್ನೇ ರೂಢಿ ಮಾಡ್ಕೋ. ಆ ಟೋಕಿಯೊದ ಸೋಮಾರಿಗಳು ಕೆಡಿಸಿದ್ದನ್ನ ಎಷ್ಟು ದಿನ ಆಡ್ತೀಯ?"

ಗೋಬೋ ಬಾಯಿ ತೆರೆದ. ನನ್ನ ಬಾಯಿಯಲ್ಲಿ ಅವನ ಮಾತು ಆಗಲೇ ಸಿದ್ಧವಾಗಿತ್ತು. ಆದರೂ ಹೇಳಲಿಲ್ಲ. ಬಿಸಿಲಿಗೆ ಸುಸ್ತಾಗಿತ್ತು ಅನ್ನಿಸುತ್ತದೆ.

"ಟೋಕಿಯೊ… ಅಲ್ಲ."

ಹೊರಗೆ ಜೀರುಂಡೆಗಳು ಕಿರುಚುತ್ತಿದ್ದವು.

"ನಾನು… ಮಾಡಿದ್ದು."

ಚಹಾದ ಆವಿ ನಿಂತಿತು.

"ವೇಗ… ಸರಿ ಮಾಡ್ದೆ. ಕೇಳ್ದೆ. ಮತ್ತೆ… ತೆಗೆದೆ."

ಯುರೋಪಿನ ಕಪ್ಪೆ ತಯಾರಾದ ವರ್ಷ ಅವನನ್ನು ಹದಿನೈದು ದಿನ ಟೋಕಿಯೊಗೆ ಕಳಿಸಿದ್ದರು. ಕಾಗದಪತ್ರ ಒಪ್ಪಿಸಿ ಬರಲು ಎಂದಿದ್ದ. ಯಾಕೆ ತೆಗೆದೆ ಎಂದು ಕೇಳಲು ನಾಲಗೆ ತುರಿಸಿತು. ಕಾದೆ.

"ಆಫೀಸಿನ… ಅಡುಗೆಮನೇಲಿ… ನೀನು ಮೊದಲು… ಗುನುಗಿದ್ದು. ಅದು… ಅಷ್ಟು ನಿಧಾನ." ಉಸಿರು ತೆಗೆದುಕೊಂಡ. "ದೋಯಿ… ಹೆಣದ ಮೆರವಣಿಗೆ… ಅಂದ. ಓಡಿಸು ಅಂದ. ನೀನು… ಅಳ್ತಿದ್ದೆ."

"ಅತ್ತಿರಲಿಲ್ಲ. ಸಾಸಿವೆ ಕಣ್ಣಿಗೆ ಹೋಗಿತ್ತು."

ಹೆಣದ ಮೆರವಣಿಗೆ. ಯಜಮಾನ ದೋಯಿಯ ಮಾತು. ಆ ಗಂಡಸಿನ ಹೊಲಸು ಮಾತನ್ನು ನನ್ನದೇ ಎಂಬಂತೆ ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡು, ಕೊನೆಗೆ ನನ್ನ ಹಾಡಿಗೇ ಉಗುಳಿದೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ? ನಾನು ದಿನಾ ಟೋಕಿಯೊದವರಿಗೆ ಶಾಪ ಹಾಕ್ತಿದ್ದೆನಲ್ಲ?"

"ಕೇಳೋಕೆ… ಚೆನ್ನಾಗಿತ್ತು."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ತಣ್ಣಗಿನ ಚಹಾ ಕುಡಿದೆ.

ಆಗಸ್ಟ್ 14, ಬುಧವಾರ

ಅವನು ಹೇಳಿದ ಮಾತ್ರಕ್ಕೆ ನಂಬುವವಳಲ್ಲ ನಾನು. ಆ ಹಾಡು ಹುಟ್ಟಿದ್ದು ತೋಫು ಮಾರುವವನ ತುತ್ತೂರಿಯಿಂದ. ಎರಡೇ ಸ್ವರ, ಮೊದಲನೆಯದು ಉದ್ದ. ಬುಧವಾರ ಸಂಜೆ ನಮ್ಮ ಬೀದಿಗೆ ಒಬ್ಬ ಈಗಲೂ ಸೈಕಲ್ ತಳ್ಳಿಕೊಂಡು ಬರುತ್ತಾನೆ. ಹಬ್ಬಕ್ಕೆ ರಜೆ ಹಾಕಿರಬಹುದು ಅಂದುಕೊಂಡೆ, ಬಂದ. ಕಿಟಕಿ ತೆರೆದು, ಇತ್ತ ಜಪಾನಿನ ಕಪ್ಪೆಯನ್ನು ಓಡಿಸಿದೆ. ತುತ್ತೂರಿ ಮೊದಲನೆಯ ಸ್ವರ ಮುಗಿಸುವ ಮೊದಲೇ ನನ್ನ ಹಾಡು ಎರಡನೆಯದಕ್ಕೆ ಹಾರಿ ಮುಂದೆ ಓಡಿತು, ಹಿಂದೆ ಪೊಲೀಸರು ಬಿದ್ದವರ ಹಾಗೆ.

ಯುರೋಪಿನದನ್ನು ಹಾಕಿದೆ. ತುತ್ತೂರಿಯ ಜೊತೆಗೇ ನಡೆಯಿತು.

ಆ ಮಾರುವವನೂ ಮುದುಕ, ಅವನ ಉಸಿರೂ ನಿಧಾನ. ಇದರಿಂದ ಏನೂ ಸಾಬೀತಾಗುವುದಿಲ್ಲ. ಎರಡು ತುಂಡು ತೋಫು ಕೊಂಡೆ.

ಆಗಸ್ಟ್ 20, ಮಂಗಳವಾರ

ಕ್ಷಮೆ ಕೇಳಲು ಹೋಗುವಾಗ ಒಯ್ಯುವ ಸಿಹಿ ಭಾರವಾಗಿರಬೇಕು, ತಪ್ಪು ದೊಡ್ಡದಾದಷ್ಟೂ ಭಾರ. ಇಟ್ಟಿಗೆಯಂಥ ಯೋಕಾನ್ ಹೊತ್ತು ನುಕುಯಿಯ ಆಫೀಸಿನ ಮೆಟ್ಟಿಲು ಹತ್ತಿದೆ. ಲಿಫ್ಟ್ ಕೆಟ್ಟಿತ್ತು. ನನ್ನ ಹಣೆಬರಹ.

ಗೋಡೆಯ ಮೇಲೆ 'ಹೆಣದ ಮೆರವಣಿಗೆ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು.

"ಸೆನ್ಸೇ ಅವರ ಮಾತು. ನಮಗೆಲ್ಲ ತುಂಬಾ ಇಷ್ಟ ಆಯ್ತು," ಎಂದ.

"ಕಿತ್ತು ಹಾಕಿ," ಎಂದು ಡಬ್ಬ ಮುಂದಿಟ್ಟು ಸೊಂಟದವರೆಗೆ ಬಗ್ಗಿದೆ. "ಯುರೋಪಿನ ಅಂಗಡಿಯಲ್ಲಿ ಹಳೇ ನಿಧಾನದ್ದನ್ನೂ ಇಡಬೇಕು. ಎರಡೂ ಇರಲಿ, ಬೇಕಾದವರು ಬೇಕಾದ್ದು ಆರಿಸ್ಕೊಳ್ಳಲಿ."

ನುಕುಯಿ ಡಬ್ಬದ ತೂಕ ನೋಡಿ ಕೂತುಬಿಟ್ಟ. "ಎಲ್ಲಾ ಕಳಿಸಿ ಆಗಿದೆ ಸೆನ್ಸೇ. ಈಗ ಬದಲಾಯಿಸಿದ್ರೆ ಅಂಗಡಿಯವರ ತಪಾಸಣೆ ಮತ್ತೆ ಮೊದಲಿಂದ. ಕಾರಣ ಕೇಳ್ತಾರೆ."

"ಹಾಡು ಕಟ್ಟಿದವಳು ಮೊದಲು ಕಟ್ಟಿದ ವೇಗ ಅದೇ ಅಂತ ಬರೀರಿ."

"ಹಾಗಾದ್ರೆ ಜಪಾನಿನದ್ದು ತಪ್ಪಾ?"

"ಅತಿಯಾಗಿ ಮಾತಾಡ್ಬೇಡಿ." ಆಮೇಲೆ ನಿಜ ಹೇಳಿದೆ. "ಗೋಬೋಗೆ ಕಾಲುವೆ ದಾಟೋಕಾಗೋದು ಅದ್ರಲ್ಲಿ ಮಾತ್ರ." ಆ ಹುಡುಗುಮುಂಡೇದರ ಮುಂದೆ ನಾಚಿಕೆಯಾಯಿತು.

ನುಕುಯಿ 'ಆ ಕಾಲವೇ ಕಾಲ' ಎನ್ನಲಿಲ್ಲ. ಎದ್ದು ಹೋಗಿ ಗೋಡೆಯ ಹಾಳೆ ಕಿತ್ತ. ಉಳಿದ ಮೂವರನ್ನು ಕರೆದು, "ಈ ವಾರ ಯಾರೂ ಮನೆಗೆ ಬೇಗ ಹೋಗೋ ಆಸೆ ಇಟ್ಕೋಬೇಡಿ," ಎಂದ. ಪರವಾಗಿಲ್ಲ, ಪೂರ್ತಿ ದಡ್ಡನೇನಲ್ಲ.

ಸೆಪ್ಟೆಂಬರ್ 12, ಗುರುವಾರ

ಬೆಳಿಗ್ಗೆ ಪರೀಕ್ಷೆಯ ಯಂತ್ರದ ಕಪ್ಪೆಗಳು ನಿಂತವು, ಕೊಂಡು ತಂದಿದ್ದ ನಮ್ಮದೇ ಯಂತ್ರವನ್ನು ಟಿವಿಗೆ ಜೋಡಿಸಿದೆ. ಯುರೋಪಿನ ಅಂಗಡಿ ಜಪಾನಿನವರಿಗೆ ಬಾಗಿಲು ತೆರೆಯುವುದಿಲ್ಲ. ನಾವು ಬೇರೆ ದೇಶದವರೆಂದು ಹೊಸದಾಗಿ ಹೆಸರು ಬರೆಸಿಕೊಳ್ಳಬೇಕು. ಎಲ್ಲರೂ ಮಾಡುವ ಕಳ್ಳದಾರಿ ಇದೇ ಎಂದು ನುಕುಯಿಯೇ ಹೇಳಿಕೊಟ್ಟ, ಆಟದ ಕೂಪನ್ನನ್ನೂ ಉಡುಗೊರೆಯಾಗಿ ಕಳಿಸಿದ್ದಾನೆ. ದೇಶಗಳ ಪಟ್ಟಿಯಲ್ಲಿ ಗೋಬೋನ ಹೆಬ್ಬೆರಳು ಒಂದೊಂದೇ ಹೆಸರು ಇಳಿಯಿತು. ನಾನು ಅಕ್ಕಿ ತೊಳೆದಿಟ್ಟು ಬಂದೆ, ಇನ್ನೂ ಇಳಿಯುತ್ತಿತ್ತು. ಪೋರ್ಚುಗಲ್‌ನಲ್ಲಿ ನಿಂತಿತು.

"ಪೋರ್ಚುಗಲ್ ಯಾಕೆ?"

"ಮೀನು… ಚೆನ್ನಾಗಿರತ್ತೆ."

ಆಟದ ಪಟ್ಟಿಯಲ್ಲಿ ಎರಡು ವೇಗವೂ ಇತ್ತು. ಗೋಬೋ ನಿಧಾನದ್ದನ್ನು ಒತ್ತಿದ, ಕಪ್ಪೆ ಚೀಸ್ ಹೊತ್ತು ಹೊರಟಿತು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಯಾರೋ ಅಭಿಪ್ರಾಯ ಬರೆದಿದ್ದ. ಫೋನು ಅದನ್ನು ನಮ್ಮ ಭಾಷೆಗೆ ತಿರುಗಿಸಿಕೊಟ್ಟಿತು. ಗೋಬೋಗೆ ಗಟ್ಟಿಯಾಗಿ ಓದಿ ಹೇಳಿದೆ: "ಸರಿಯಾದ ವೇಗದ್ದು ಇರುವಾಗ ಈ ಕುಂಟು ಕಪ್ಪೆಯನ್ನೂ ಯಾಕೆ ತುರುಕಿದ್ದಾರೆ? ಚಿಕ್ಕಂದಿನಲ್ಲಿ ಇದರಿಂದ ಪಟ್ಟ ಪಾಡು ಸಾಲದೇ? ಅಂದು ವೇಗ ಸರಿಪಡಿಸದೆ ಬಿಟ್ಟ ಆ ಸೋಮಾರಿ ಯಾರು?" ಬರೆದವನ ಬಾಯಿ ಕೆಟ್ಟದು. ಎದುರಿಗೆ ಸಿಕ್ಕಿದರೆ ನನಗೂ ಅವನಿಗೂ ಚೆನ್ನಾಗಿ ಹೊಂದುತ್ತದೆ.

"ಕೇಳ್ತಿದ್ದಾನಲ್ಲ, ಹೇಳೋ. ಯಾರು ಆ ಸೋಮಾರಿ?"

ಗೋಬೋ ಗುಂಡಿಹಲಗೆ ಕೆಳಗಿಟ್ಟ. ಶಾಲೆಯ ಮಕ್ಕಳ ಹಾಗೆ ಕೈ ಎತ್ತತೊಡಗಿದ. ಎಡಗೈ ತೊಡೆಯ ಮೇಲೇ ಇತ್ತು, ಎತ್ತುತ್ತಿದ್ದದ್ದು ಬಲಗೈ. ಹೊಟ್ಟೆಯವರೆಗೆ ಬಂತು, ನಿಂತಿತು, ನಡುಗಿತು. ಒಲೆಯ ಮೇಲೆ ಅನ್ನ ಉಕ್ಕುವ ಸದ್ದು ಕೇಳಿಸಿತು. ನಾನು ಏಳಲಿಲ್ಲ. ಎದೆಯವರೆಗೆ ಬಂತು. ಆಮೇಲೆ ಭುಜದವರೆಗೆ.

ಅನ್ನ ತಳ ಹಿಡಿಯಿತು. ಇಬ್ಬರೂ ಅದನ್ನೇ ಉಂಡೆವು.